ಎರಡು ಗೆರೆಗಳ ನಡುವಿನ ನೆಲ್ಲಿಮರ

೧೯೩೮ನೆಯ ಇಸವಿ ನವೆಂಬರ್ ೧೪, ಸೋಮವಾರ. ಈ ತಾರೀಖಿಗೆ ನನ್ನಲ್ಲಿರುವ ಆಧಾರ ನಮ್ಮ ಮನೆಯ ಬಹುಧಾನ್ಯ ಸಂವತ್ಸರದ ಪಂಚಾಂಗ. ಕಾರ್ತಿಕ ಬಹುಳ ಸಪ್ತಮಿಯ ಎದುರಿಗೆ, ಅಂಚಿನಲ್ಲಿ, ನನ್ನ ತಾಯಿ ಸೀಸದಕಡ್ಡಿಯಿಂದ ‘ವನಭೋಜನ, ಪಾರ್ಕು’ ಎಂದು ಎರಡು ಪದ ಬರೆದಿದ್ದಾರೆ. ಪಂಚಾಂಗದ ಹೊದಿಕೆ ಹೋಗಿದೆ, ಒಂದು ಮೂಲೆಯನ್ನು ಇಲಿ ತಿಂದಿದೆ. ಆ ಪುಟ ಮಾತ್ರ ಉಳಿದಿದೆ. ತಿಥಿಯನ್ನೂ ವಾರವನ್ನೂ ಬೇರೆ ಎರಡು ಪಂಚಾಂಗಗಳೊಡನೆ ಹೋಲಿಸಿ ನೋಡಿದ್ದೇನೆ, ಹೊಂದುತ್ತವೆ.

ಇಷ್ಟು ಎಚ್ಚರಿಕೆ ಏಕೆಂದು ಓದುವವರಿಗೆ ಅನ್ನಿಸಬಹುದು. ಶಾಸನಗಳನ್ನು ಓದುವುದರಲ್ಲಿ ನನ್ನ ನೌಕರಿಯ ಕಾಲವೆಲ್ಲ ಕಳೆಯಿತು. ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಹಳೆಯ ಕಲ್ಲುಗಳು ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ನಟ್ಟ ಕಲ್ಲು ಎಂಬ ಧಾಟಿಯಲ್ಲಿ ಹೇಳುತ್ತವೆ. ಕೊರವಂಗಲದ ಗುಡಿಯ ನೆರಳಿನಲ್ಲಿ ಕುಳಿತು ಇಂಥ ಸಾಲುಗಳನ್ನು ಬಿಡಿಸುವಾಗ ಪ್ರತಿಸಲವೂ ನನಗೆ ಒಂದೇ ಕುತೂಹಲ: ಆ ಹುಣಿಸೆಯ ಮರವನ್ನು ಎಲ್ಲೆಯೆಂದು ಒಪ್ಪಿಕೊಳ್ಳುವ ದಿನ ಅದರ ಕೆಳಗೆ ಯಾರು ಯಾರು ನಿಂತಿದ್ದರು, ಯಾರು ಯಾರಿಗೆ ಏನೆಂದರು? ಕಲ್ಲು ಅದನ್ನು ಹೇಳುವುದಿಲ್ಲ. ಅಂಥ ಒಂದು ಎಲ್ಲೆ ಹುಟ್ಟಿದ ಹೊತ್ತಿನಲ್ಲಿ ನಾನು ಸ್ವತಃ ನಿಂತಿದ್ದೆ. ಆಗ ನನಗೆ ಹತ್ತು ವರ್ಷ.

ನಮ್ಮ ಊರು ಹೊಳೆನರಸೀಪುರ. ಹೆಣ್ಣುಮಕ್ಕಳ ಪ್ರೈಮರಿ ಶಾಲೆ ಪೇಟೆಬೀದಿಯ ಒಂದು ಬಾಡಿಗೆ ಮನೆಯಲ್ಲಿತ್ತು. ಹಜಾರದಲ್ಲಿ ಮೂರು ತರಗತಿ, ನಡುಮನೆಯಲ್ಲಿ ಒಂದು. ಹಿಂದಿನ ಅಂಗಳದಲ್ಲಿ ಮನೆಯ ಒಡೆಯರು ಕೊಬ್ಬರಿ ಒಣಹಾಕುತ್ತಿದ್ದುದರಿಂದ ಡ್ರಿಲ್ಲು ಮಾಡುವಾಗ ಕೈಗಳನ್ನು ಮುಂದಕ್ಕೆ ಚಾಚಬಹುದಾಗಿತ್ತೇ ಹೊರತು ಅಕ್ಕಪಕ್ಕಕ್ಕೆ ಚಾಚುವಂತಿರಲಿಲ್ಲ. ಶಾಲೆ ನಾಲ್ಕನೆಯ ತರಗತಿಗೆ ಮುಗಿಯುತ್ತಿತ್ತು. ಆ ವರ್ಷ ನಾನು ನಾಲ್ಕನೆಯ ತರಗತಿಯಲ್ಲಿದ್ದೆ.

ಹೆಣ್ಣುಮಕ್ಕಳಿಗೆ ಒಂದು ಮಿಡ್ಲ್ ಸ್ಕೂಲು ಕೊಡಲು ವಿದ್ಯಾ ಇಲಾಖೆ ಒಪ್ಪಿತ್ತು. ಕಟ್ಟಡ ಇಲಾಖೆಯದು, ಜಾಗ ಊರಿನದು. ಜಾಗದಲ್ಲಿ ಆಟದ ಮೈದಾನಕ್ಕೆ ಸ್ಥಳವಿರಬೇಕು, ಅದು ಊರೊಳಗೇ ಇರಬೇಕು. ಅಂಥ ಜಾಗವೆಂದು ನಮ್ಮಲ್ಲಿದ್ದದ್ದು ಪುರಸಭೆಯ ಪಾರ್ಕು ಒಂದೇ. ಊರಿನವರು ಪಾರ್ಕಿನ ಬಗ್ಗೆ ಬಹಳ ಅಭಿಮಾನಪಡುತ್ತಿದ್ದರು. ಅದರಲ್ಲಿ ಇದ್ದದ್ದು ಒಂದು ಬಾವಿ, ನಾಲ್ಕು ಕಲ್ಲುಬೆಂಚು, ಕಣಗಿಲೆಯ ಸಾಲು, ಮತ್ತು ಪಾರ್ಕಿಗಿಂತ ಬಹಳ ಹಿಂದಿನಿಂದ ಅಲ್ಲೇ ಇದ್ದ ಒಂದು ನೆಲ್ಲಿಮರ. ಅಂಗಡಿ ಮುಚ್ಚಿದ ಮೇಲೆ ಗಂಡಸರು ಆ ಬೆಂಚುಗಳ ಮೇಲೆ ಕುಳಿತು ದೇಶದ ವಿಚಾರ ಮಾತಾಡುತ್ತಿದ್ದರು. ಪಾರ್ಕನ್ನು ಪೂರ್ತಿ ಕೊಟ್ಟರೆ ದೇಶದ ವಿಚಾರ ಎಲ್ಲಿ ಮಾತಾಡುವುದೆಂಬ ಪ್ರಶ್ನೆ ಎದ್ದಿತು. ಪತ್ರಗಳು ಹಾಸನಕ್ಕೆ ಹೋಗಿ ಬಂದು, ಮತ್ತೆ ಹೋಗಿ ಬಂದು, ಕೊನೆಗೆ ಅರ್ಧ ಪಾರ್ಕು ಶಾಲೆಗೆ, ಅರ್ಧ ಊರಿಗೆ ಎಂದು ತೀರ್ಮಾನವಾಯಿತು. ಎರಡರ ನಡುವೆ ಒಂದು ಗೋಡೆ. ಗೋಡೆ ಎಲ್ಲಿ ಬರಬೇಕೆಂಬುದು ಮಾತ್ರ ಉಳಿದಿತ್ತು.

ಅರಕಲಗೂಡಿನವರೂ ಚನ್ನರಾಯಪಟ್ಟಣದವರೂ ಇದೇ ಶಾಲೆಗೆ ಅರ್ಜಿ ಹಾಕಿದ್ದರು. ನಮ್ಮಲ್ಲಿ ಜಾಗ ಇತ್ಯರ್ಥವಾಗದಿದ್ದರೆ ಶಾಲೆ ಅವರಿಬ್ಬರಲ್ಲಿ ಒಬ್ಬರಿಗೆ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು.

ಶಾಲೆ ಹೋದರೆ ನನ್ನ ಓದೂ ಹೋಗುತ್ತಿತ್ತು. ಇದರಲ್ಲಿ ಸಂದೇಹವಿರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು. ಅಜ್ಜಿ, ಎಂದರೆ ನಮ್ಮ ತಂದೆಯ ತಾಯಿ, ಓದಿಗೆ ವಿರೋಧಿಯಾಗಿರಲಿಲ್ಲ. ತಾಯಿ ಒಮ್ಮೆ ಹೆದರುತ್ತ ಹೆದರುತ್ತ, ಹಾಸನದಲ್ಲಿ ಬಂಧುಗಳ ಮನೆಯಲ್ಲಿಟ್ಟು ಓದಿಸಬಹುದಲ್ಲ ಎಂದಾಗ ಅಜ್ಜಿ ಕೊಟ್ಟ ಉತ್ತರ ನನಗೆ ಅಕ್ಷರಶಃ ನೆನಪಿದೆ.

“ಊರೊಳಗೆ ಇಸ್ಕೂಲು ಮಾಡ್ಲಿ, ಅತ್ತನೇ ಕ್ಲಾಸಲ್ಲ ಇಪ್ಪತ್ತನೇ ಕ್ಲಾಸು ಓದ್ಲಿ, ನಾನ್ಯಾಕವ್ವ ಬ್ಯಾಡ ಅನ್ಲಿ? ಊರು ದಾಟೋದು ಮಾತ್ರ ಬ್ಯಾಡ. ಎಣ್ಣುಮಗ ಏನು ಕೊಬ್ಬರಿ ಮೂಟೆಯಾ, ಗಾಡಿ ಮ್ಯಾಲೆ ಆಕಿ ಕಳ್ಸಾಕೆ?”

ಇಪ್ಪತ್ತನೆಯ ತರಗತಿ ಎಲ್ಲಿಯೂ ಇಲ್ಲವೆಂದು ಹೇಳುವ ಧೈರ್ಯ ತಾಯಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಭಾನುವಾರ ಸಂಜೆ, ಎಂದರೆ ೧೩ರಂದು, ಜಮೀನು ಅಳೆಯುವ ಮೋಜಿಣಿದಾರರು ಸರಪಳಿ ಹಿಡಿದು ಪಾರ್ಕಿಗೆ ಬಂದರು. ನಾನೂ ಪಾರ್ಕಿನ ಮಾಲಿಯ ಮಗಳೂ ಬಾವಿಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆವು. ಅವಳು ನನ್ನ ತರಗತಿಯವಳೇ. ಹಜಾರದಲ್ಲಿ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ಬೇರೆ ಚಾಪೆಯ ಮೇಲೆ ಕೂರುತ್ತಿದ್ದಳು. ಏಕೆ ಬೇರೆ ಚಾಪೆ ಎಂದು ಆ ವಯಸ್ಸಿನಲ್ಲಿ ನಾನು ಕೇಳಿದವಳಲ್ಲ. ಈಗ ಬರೆಯುವಾಗ ಅದು ನೆನಪಾಗುತ್ತದೆ. ಲೆಕ್ಕದಲ್ಲಿ ಅವಳು ನನಗಿಂತ ಮುಂದಿದ್ದಳು, ಮತ್ತು ಆ ಶಾಲೆ ಅವಳಿಗೂ ನನ್ನಷ್ಟೇ ಬೇಕಾಗಿತ್ತು.

ಬಾವಿಯ ಕಟ್ಟೆಯಿಂದ ಹಿಂದಿನ ಬೇಲಿಯ ಕಲ್ಲುಕಂಬದವರೆಗೆ, ಸುಮಾರು ನಲವತ್ತು ಮಾರು ಉದ್ದಕ್ಕೆ, ಆಳುಗಳು ದಾರ ಕಟ್ಟಿ ಸುಣ್ಣದ ಪುಡಿ ಉದುರಿಸುತ್ತ ಹೋದರು. ಗೆರೆ ನೆಲ್ಲಿಮರದ ಬುಡವನ್ನು ಒಂದು ಗೇಣಿನಷ್ಟು ಅಂತರದಲ್ಲಿ ಸವರಿಕೊಂಡು ಹೋಯಿತು. ಮೋಜಿಣಿದಾರರು ತಲೆ ಕೆರೆದುಕೊಂಡರು.

“ಮರ ಗೆರೆಗೆ ಅಡ್ಡ ಬಂತಲ್ಲಯ್ಯ.”

“ಗೆರೆ ಮರಕ್ಕೆ ಅಡ್ಡ ಬಂತು ಅನ್ನಿ ಸಾ,” ಎಂದ ಮಾಲಿ. “ಮರ ಎಲ್ಲೂ ಓಗಿಲ್ಲ. ನಮ್ಮಪ್ಪನ ಕಾಲದಿಂದ ಅಲ್ಲೇ ಅದೆ.”

“ಬುನಾದಿ ತೋಡಿದರೆ ಬೇರು ಹೋಗುತ್ತೆ, ಬೇರು ಹೋದರೆ ಮರ ಬೀಳುತ್ತೆ. ಮೊದಲೇ ಕಡಿಸೋದು ವಾಸಿ. ನಾಳೆ ಹಾಸನದಿಂದ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು ಬರ್ತಾರೆ, ಅವರು ಹೇಳಿದ ಹಾಗೆ.”

“ತಾವು ಇರಾಕಿಲ್ವಾ ಸಾ?”

“ನಾನು ಬೆಳಿಗ್ಗೆ ಮೋಟಾರಿಗೆ ಅರಕಲಗೂಡಿಗೆ ಹೋಗ್ತೀನಿ. ಅಲ್ಲೂ ಒಂದು ಜಾಗ ಅಳೀಬೇಕು.”

“ಏನಕ್ಕೆ?”

“ಇದೇ ಶಾಲೆಗೆ. ಇಲ್ಲಿ ಆಗದಿದ್ದರೆ ಅಲ್ಲಿ ತಯಾರಿರಲಿ ಅಂತ.”

ಮಾಲಿಯ ಮಗಳು ನನ್ನ ಕೈ ಹಿಡಿದು ಒತ್ತಿದಳು. ಮಿಕ್ಕಿದ ಅರ್ಧ ಬುಟ್ಟಿ ಸುಣ್ಣವನ್ನು ಆಳುಗಳು ಮರದ ಬುಡದಲ್ಲೇ ಬಿಟ್ಟುಹೋದರು. ಈ ಬುಟ್ಟಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಈಗ ವನಭೋಜನದ ವಿಷಯ. ಕಾರ್ತಿಕ ಮಾಸದಲ್ಲಿ ನೆಲ್ಲಿಮರದ ಕೆಳಗೆ ಪೂಜೆ ಮಾಡಿ ಅಲ್ಲೇ ಕುಳಿತು ಊಟಮಾಡುವುದು ನಮ್ಮ ಕಡೆಯ ಪದ್ಧತಿ. ಶಿವಭಕ್ತರ ಮನೆಗಳಲ್ಲಿ ಇದಕ್ಕೆ ಸೋಮವಾರವೇ ಆಗಬೇಕು. ಪೇಟೆಬೀದಿಯ ಹೆಂಗಸರು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದ ನೆಲ್ಲಿಮರ ಪಾರ್ಕಿನದೊಂದೇ. ವರ್ಷದಲ್ಲಿ ಒಂದು ದಿನ ಅವರು ಗಂಡಸರ ಅಪ್ಪಣೆ ಕೇಳದೆ ಮನೆಬಾಗಿಲು ಎಳೆದುಕೊಂಡು ಹೊರಡುತ್ತಿದ್ದರು, ಪಾತ್ರೆಗಳೊಡನೆ, ಮಕ್ಕಳೊಡನೆ, ಬೀದಿಯ ಉದ್ದಕ್ಕೂ ಗಟ್ಟಿಯಾಗಿ ನಗುತ್ತ. ಆ ವರ್ಷ ಅವರು ಗೊತ್ತುಮಾಡಿದ ಸೋಮವಾರವೂ ಇನ್‌ಸ್ಪೆಕ್ಟರರು ಬರುವ ಸೋಮವಾರವೂ ಒಂದೇ ಆಯಿತು. ಪುರಸಭೆಯವರು ಹೆಂಗಸರಿಗೆ ತಿಳಿಸಿರಲಿಲ್ಲ. ಹೆಂಗಸರು ಪುರಸಭೆಗೆ ತಿಳಿಸುವ ವಾಡಿಕೆಯೇ ಇರಲಿಲ್ಲ.

ನಮಗೆ ಶಾಲೆಗೆ ರಜೆ. ಹನ್ನೊಂದು ಗಂಟೆಗೆ ಪಾರ್ಕಿನಲ್ಲಿ ಸಾಹೇಬರ ಮುಂದೆ ಡ್ರಿಲ್ಲು ಮಾಡಿ ತೋರಿಸಬೇಕೆಂದು ನಮ್ಮ ಹೆಡ್‌ಮಿಸ್ಟ್ರೆಸ್ ಅಪ್ಪಣೆ ಮಾಡಿದ್ದರು. ಹೀಗಾಗಿ ನಾನು ಬೆಳಿಗ್ಗೆಯೇ ಅಜ್ಜಿಯೊಡನೆ ಎಲೆಯ ಕಟ್ಟು ಹೊತ್ತು ಹೋದೆ. ಪಾರ್ಕಿನ ಗೇಟು ದಾಟಿದ ಕೂಡಲೆ ಅಜ್ಜಿ ನಿಂತುಬಿಟ್ಟರು.

“ಅಯ್ಯೋ ಶಿವನೇ, ಇದ್ಯಾವ ಪುಣ್ಯಾತ್ಮ ಇಲ್ಲಿ ಒಂಟಿ ಎಳೆ ಎಳ್ದವ್ನೆ?”

ರಂಗೋಲಿಯಲ್ಲಿ ಒಂಟಿ ಎಳೆ ಅಶುಭ. ಹಬ್ಬದ ದಿನ, ಶುಭದ ದಿನ, ಎಳೆ ಜೋಡಿಯಾಗಿರಬೇಕು. ಒಂದನ್ನೇ ಎಳೆದು ಬಿಡುವುದು ಸಾವಿನ ಮನೆಯ ಲಕ್ಷಣವೆಂದು ನಮ್ಮ ಹೆಂಗಸರು ನಂಬಿದ್ದರು. ಪಂಕ್ತಿಗೆ ಎಲೆ ಹಾಕುವ ಮುಂಚೆ ಎಲೆಯ ಸಾಲಿನ ಉದ್ದಕ್ಕೂ ರಂಗೋಲಿ ಎಳೆಯುವುದೂ ವಾಡಿಕೆಯೇ. ಮರದ ಪಕ್ಕದಲ್ಲಿ ನೆಟ್ಟಗೆ ಹೋದ ಆ ಬಿಳಿಯ ಗೆರೆ ಅಜ್ಜಿಯ ಕಣ್ಣಿಗೆ, ಯಾರೋ ಪಂಕ್ತಿಗೆಂದು ಎಳೆಯಲು ಹೊರಟು ಒಂದು ಸಾಲಿಗೇ ಕೈಬಿಟ್ಟ ಕೆಲಸವಾಗಿ ಕಂಡಿತು.

ನಾನು ಸುಮ್ಮನಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. “ಅಜ್ಜಿ, ಅದು ರಂಗೋಲಿ ಅಲ್ಲ, ಸರ್ವೆ ಗೆರೆ. ಇಸ್ಕೂಲಿನ ಗೋಡೆಗೆ” ಎಂದೆ.

“ಸರ್ವೆನೋ ಗಿರ್ವೆನೋ. ಗಂಡಸ್ರು ಆಕಿದ್ದಲ್ವಾ? ಅದಕ್ಕೇ ಅರ್ಧಕ್ಕೆ ಬಿಟ್ಟವ್ರೆ. ಒಂಟಿ ಎಳೆ ಮುಂದೆ ಕೂತು ಯಾರು ಉಂಡಾರು ಮಗ? ತಾ ಆ ಬುಟ್ಟಿಯ.”

ನಾನು ಬುಟ್ಟಿ ತಂದುಕೊಟ್ಟೆ. ಅದರಲ್ಲಿ ಇದ್ದದ್ದು ಅದೇ ಸುಣ್ಣ.

ಅಜ್ಜಿ ಗೆರೆಯ ಮೇಲೆ ಹಿಮ್ಮಡಿಯಿಟ್ಟು ನಿಂತರು. ಎದುರುಬದುರು ಎರಡು ಸಾಲು ಎಲೆ, ನಡುವೆ ಬಡಿಸುವವರಿಗೆ ಜಾಗ. ಇಷ್ಟನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ, ಪಾದದ ಮುಂದೆ ಪಾದವಿಟ್ಟು, ಮರವನ್ನು ಬಳಸಿ ಹನ್ನೊಂದು ಪಾದ ಎಣಿಸಿದರು. ಅಲ್ಲಿಂದ ಎರಡನೆಯ ಗೆರೆ ಶುರುವಾಯಿತು. ಮರದ ಬಳಿ ನಾಲ್ಕು ಮಾರು ಎಳೆದರೆ ಸಾಲದೇ ಎಂದು ತಾಯಿ ಕೇಳಿದರು.

“ಅಲ್ಲಿಗೆ ನಿಲ್ಸಿದ್ರೆ ಆಚೆಗೆ ಒಂಟಿಯಾಗೇ ಉಳೀತದಲ್ಲವ್ವ. ಎಳೀರಿ ಎಳೀರಿ. ಏಳು ಜನ ಇದೀರಿ, ಕೈ ಏನು ಸವೆದೋಗ್ತದಾ?”

ಏಳು ಜನ ಹೆಂಗಸರು ಬಾಗಿ ಎಳೆಯುತ್ತ ಹೋದರು. ದಾರವಿಲ್ಲ, ಸರಪಳಿಯಿಲ್ಲ. ದಿನವೂ ಬಾಗಿಲ ಮುಂದೆ ಎಳೆದು ಪಳಗಿದ ಆ ಬೆರಳುಗಳ ನಡುವಿನಿಂದ ಸುಣ್ಣ ಒಂದೇ ಸಮನೆ ಇಳಿಯಿತು. ಮುಗಿದಾಗ ನೋಡಿದರೆ ಎರಡನೆಯ ಗೆರೆ ಮೊದಲನೆಯದಕ್ಕಿಂತ ನೆಟ್ಟಗಿತ್ತು. ಕಣಗಿಲೆಗೆಂದು ಬಾವಿಯಿಂದ ನೀರು ಸೇದಿಕೊಂಡು ಬಂದ ಮಾಲಿ ಕೊಡ ಇಳಿಸಿ ಎರಡನ್ನೂ ನೋಡಿದ, ಅಜ್ಜಿಯನ್ನು ನೋಡಿದ, ಮತ್ತೆ ಬಾವಿಯ ಕಡೆಗೆ ಹೋದ.

ಹನ್ನೊಂದರ ಸುಮಾರಿಗೆ ರೈಲಿನಿಂದ ಇಳಿದ ಇನ್‌ಸ್ಪೆಕ್ಟರರು, ಜರತಾರಿ ಪೇಟದ ಪುರಸಭೆಯ ಅಧ್ಯಕ್ಷರು, ಫೈಲು ಹಿಡಿದ ಒಬ್ಬ ಗುಮಾಸ್ತೆ, ಮೂವರೂ ಪಾರ್ಕಿಗೆ ಬಂದರು. ಅಷ್ಟು ಹೊತ್ತಿಗೆ ಪೂಜೆ ಮುಗಿದು ಎಲೆ ಹಾಕಿತ್ತು. ಅಧ್ಯಕ್ಷರಿಗೆ ಮೊದಲು ಕಂಡದ್ದು ಪಂಕ್ತಿಯ ತುದಿಯಲ್ಲಿ ಕುಳಿತಿದ್ದ ಅವರ ಸ್ವಂತ ತಾಯಿ. ಇನ್‌ಸ್ಪೆಕ್ಟರರಿಗೆ ಮೊದಲು ಕಂಡದ್ದು ಎರಡು ಗೆರೆ.

“ಇದೇನು? ಒಂದು ಗಡಿಗೆ ಎರಡು ಗೆರೆ?”

ನಮ್ಮ ಹೆಡ್‌ಮಿಸ್ಟ್ರೆಸ್ ಜಾಣೆ. ಯಾವ ಕಡೆ ನಿಲ್ಲಿಸಿದರೂ ತಪ್ಪಾದೀತೆಂದು ನಮ್ಮನ್ನು ಎರಡು ಗೆರೆಗಳ ನಡುವೆ, ಪಂಕ್ತಿಯಿಂದ ಸ್ವಲ್ಪ ಆಚೆಗೆ, ಉದ್ದಕ್ಕೆ ಸಾಲಾಗಿ ನಿಲ್ಲಿಸಿದರು. ಆದ್ದರಿಂದ ಮುಂದಿನ ಮಾತುಕತೆಯೆಲ್ಲ ನನ್ನ ತಲೆಯ ಮೇಲೇ ನಡೆಯಿತು.

ಅಧ್ಯಕ್ಷರು ಶಾಲೆಯ ಕಡೆಗಿದ್ದ ಗೆರೆಯನ್ನು, ಎಂದರೆ ಅಜ್ಜಿಯ ಗೆರೆಯನ್ನು, ಕೋಲಿನಿಂದ ತೋರಿಸಿ, “ಅದೇ ಸಾರ್ ಗಡಿ. ಮರ ಊರಿನ ಕಡೆಗೆ ಬರುತ್ತೆ” ಎಂದರು. ತಮ್ಮ ತಾಯಿ ಕೇಳಿಸಿಕೊಳ್ಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಅಂದರು.

“ಸಾಧ್ಯವಿಲ್ಲ. ಅಷ್ಟು ಅಗಲ ಬಿಟ್ಟರೆ ಆಟದ ಮೈದಾನ ಅಳತೆಗೆ ಸಾಲುವುದಿಲ್ಲ. ಈಚೆಯದೇ ಗಡಿ,” ಎಂದರು ಇನ್‌ಸ್ಪೆಕ್ಟರರು.

“ಈಚೆಯದಾದರೆ ಮರ ಕಡಿಯಬೇಕಾಗುತ್ತೆ.”

“ಕಡಿಯಲೇಬೇಕು. ಆಟದ ಮೈದಾನದಲ್ಲಿ ಮರ ಇರಕೂಡದು. ಇಲಾಖೆಯ ನಿಯಮ ಅದು.”

ಅಧ್ಯಕ್ಷರು ಮಾಲಿಯನ್ನು ಕರೆದರು. “ಏಯ್, ಮೋಜಿಣಿದಾರರು ಹಾಕಿಸಿದ್ದು ಯಾವುದಯ್ಯ? ನೀನು ಇದ್ದೆಯಲ್ಲ?”

“ಇದ್ದೆ ಸಾ.”

“ಹೇಳು ಮತ್ತೆ.”

ಮಾಲಿ ಎರಡು ಗೆರೆಗಳನ್ನೂ ಮೊದಲ ಬಾರಿಗೆ ಕಾಣುವವನಂತೆ ದೀರ್ಘವಾಗಿ ನೋಡಿದ. “ಸುಣ್ಣ ಎಲ್ಡೂ ಒಂದೇ ಬುಟ್ಟೀದು ಸಾ.”

ಅವನು ಸುಳ್ಳು ಹೇಳಲಿಲ್ಲ. ಎಲ್ಲ ಸಾಕ್ಷಿಗಳೂ ಇಷ್ಟು ನಿಖರವಾಗಿದ್ದರೆ ಇತಿಹಾಸಕಾರರ ಕೆಲಸ ಎಷ್ಟು ಕಷ್ಟವಾಗುತ್ತಿತ್ತೆಂದು ನಾನು ಮುಂದೆ ಅನೇಕ ಸಲ ಯೋಚಿಸಿದ್ದೇನೆ.

ಇನ್‌ಸ್ಪೆಕ್ಟರರು ಜೇಬಿನ ಗಡಿಯಾರ ತೆಗೆದು ನೋಡಿದರು. ಅವರು ಕೋಪಿಷ್ಠರಲ್ಲ, ಆದರೆ ಮಧ್ಯಾಹ್ನದ ರೈಲಿಗೆ ಹಿಂದಿರುಗಬೇಕಾದವರು. “ಅಧ್ಯಕ್ಷರೇ, ಗಡಿಯೇ ಗೊತ್ತಿಲ್ಲದ ಜಾಗಕ್ಕೆ ನಾನು ರುಜು ಹಾಕಲಾರೆ. ಅರಕಲಗೂಡಿನಲ್ಲಿ ಇವತ್ತು ಅಳತೆ ನಡೀತಾ ಇದೆ. ಫೈಲು ಅಲ್ಲಿಗೆ ಹೋಗಲಿ.” ಗುಮಾಸ್ತೆ ಫೈಲಿನ ದಾರ ಕಟ್ಟಲು ಶುರುಮಾಡಿದರು.

ಆ ದಾರದ ಗಂಟು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬುಟ್ಟಿ ತಂದುಕೊಟ್ಟವಳು ನಾನು. ನನ್ನ ಶಾಲೆಯನ್ನು ನಾನೇ ಅರಕಲಗೂಡಿಗೆ ಕಳಿಸಿದಂತಾಯಿತು. ಪಕ್ಕದಲ್ಲಿ ನಿಂತಿದ್ದ ಮಾಲಿಯ ಮಗಳು ಪಿಸುಗುಟ್ಟಿದಳು: “ಏಳ್ಬುಡು ಕಣೆ.”

ನಾನು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದೆ. ಡ್ರಿಲ್ಲಿನ ಅಭ್ಯಾಸದಿಂದ ಕೈಗಳು ತಾವಾಗಿ ತೊಡೆಗೆ ಅಂಟಿಕೊಂಡವು. “ಸಾರ್, ಆಚೆಯ ಗೆರೆ ನಮ್ಮ ಅಜ್ಜಿ ಹಾಕಿದ್ದು.”

ಇನ್‌ಸ್ಪೆಕ್ಟರರು ಪಂಕ್ತಿಯ ಕಡೆ ತಿರುಗಿದರು. ಬಡಿಸುವ ಸೌಟು ಹಿಡಿದು ನಿಂತಿದ್ದ ಅಜ್ಜಿಯನ್ನು ಗುರುತಿಸಲು ಅವರಿಗೆ ತಡವಾಗಲಿಲ್ಲ, ಏಕೆಂದರೆ ಹೆಂಗಸರೆಲ್ಲ ಅಜ್ಜಿಯನ್ನೇ ನೋಡುತ್ತಿದ್ದರು.

“ಏನಮ್ಮಾ, ತಾವೇಕೆ ಗೆರೆ ಹಾಕಿದಿರಿ?”

“ಒಂಟಿ ಬಿಟ್ಟೋಗಿದ್ರು ಸ್ವಾಮಿ, ಜೋಡಿ ಮಾಡ್ದೆ.”

“ಅದು ಸರ್ಕಾರದ ಗೆರೆ.”

“ಆಗ್ಲಿ. ಸರ್ಕಾರಕ್ಕೇನು ಶುಭ ಆಗ್ಬಾರ್ದಾ?”

ಗುಮಾಸ್ತೆಗೆ ನಗು ಬಂತು. ಅದನ್ನು ಕೆಮ್ಮಾಗಿ ಮಾಡಿಕೊಂಡರು. ಇನ್‌ಸ್ಪೆಕ್ಟರರು ಟೋಪಿ ತೆಗೆದು ಹಣೆ ಒರೆಸಿಕೊಂಡರು. ಅಜ್ಜಿ ಬಾಳೆಲೆಯ ತುಂಡಿನಲ್ಲಿ ಎರಡು ಬಾಳೆಹಣ್ಣು, ಉಪ್ಪು ಹಚ್ಚಿದ ನಾಲ್ಕು ನೆಲ್ಲಿಕಾಯಿ ಇಟ್ಟು ಬಾವಿಕಟ್ಟೆಯ ಮೇಲಿರಿಸಿದರು. “ಅಣ್ಣುಕಾಯಿಗೆ ಯಾವ ಮಡಿಯೂ ಇಲ್ಲ ಸ್ವಾಮಿ, ತಗೊಳ್ಳಿ. ವನಭೋಜನಕ್ಕೆ ಬಂದೋರು ಬರಿಬಾಯಲ್ಲಿ ಓಗ್ಬಾರ್ದು,” ಎಂದರು. ಸಾಹೇಬರು ಕಟ್ಟೆಯ ಮೇಲೆ ಕುಳಿತು ಒಂದು ನೆಲ್ಲಿಕಾಯಿ ಕಚ್ಚಿ ಮುಖ ಹಿಂಡಿದರು.

“ಸರಿ. ಈಗ ಹೇಳಿ. ತಮ್ಮ ಗೆರೆಯಿಂದಾಗಿ ನಡುವೆ ಒಂದು ಪಟ್ಟಿ ಆಗಿದೆ. ಅದು ಯಾರದು? ಊರಿನದೋ, ಶಾಲೆಯದೋ?”

ಅಜ್ಜಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. ಸೌಟಿನಿಂದ ಪಂಕ್ತಿಯ ನಡುವನ್ನು ತೋರಿಸಿದರು.

“ಎಲ್ಡು ಪಂಕ್ತಿ ನಡುವಿನ ಜಾಗ ಯಾರದು ಸ್ವಾಮಿ? ಬಡಿಸೋರು ಓಡಾಡೋ ಜಾಗ ಅದು. ಆ ಸಾಲಿನೋರದಲ್ಲ, ಈ ಸಾಲಿನೋರದಲ್ಲ. ಅದು ಇಲ್ದೇ ಇದ್ರೆ ಎಲ್ಡು ಸಾಲ್ಗೂ ಅನ್ನ ಇಲ್ಲ.”

ಇನ್‌ಸ್ಪೆಕ್ಟರರು ಸ್ವಲ್ಪ ಹೊತ್ತು ಅಗಿಯುತ್ತಲೇ ಇದ್ದರು. ಮಾಲಿ ಹಿತ್ತಾಳೆ ಚೊಂಬನ್ನು ಕಟ್ಟೆಯ ಮೇಲಿಟ್ಟು ದೂರ ಸರಿದ. ಗುಮಾಸ್ತೆ ಬಾವಿಯಿಂದ ನೀರು ಸೇದಿ ತುಂಬಿಸಿಕೊಟ್ಟರು. ನೆಲ್ಲಿಕಾಯಿ ತಿಂದ ಬಾಯಿಗೆ ನೀರು ಸಿಹಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವರ ಮುಖದ ಗಂಟು ಸಡಿಲಾದದ್ದು ಆ ನೀರಿನಿಂದಲೋ ಆ ಮಾತಿನಿಂದಲೋ ನಾನು ನಿರ್ಧರಿಸಲಾರೆ. ಎದ್ದು ನಿಂತು ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಗೋಡೆ ಬೇಡ, ಎರಡು ಗೆರೆಯ ಮೇಲೂ ಮೊಣಕಾಲೆತ್ತರದ ಬೇಲಿ, ಬೇಲಿಗೆ ಅಲ್ಲಲ್ಲಿ ಕಂಡಿ. ನಡುವಿನ ಪಟ್ಟಿ ಶಾಲೆಯ ಹೊತ್ತಿನಲ್ಲಿ ಹುಡುಗಿಯರಿಗೆ, ಸಂಜೆ ಘಂಟೆಯಾದ ಮೇಲೆ ಊರಿಗೆ, ಕಾರ್ತಿಕ ಸೋಮವಾರಗಳಲ್ಲಿ ಹೆಂಗಸರಿಗೆ. ಪಟ್ಟಿಯನ್ನು ಸೇರಿಸಿಕೊಂಡರೆ ಶಾಲೆಯ ಮೈದಾನ ಅಳತೆಗೆ ಸಾಲುತ್ತದೆಂದು ಗುಮಾಸ್ತೆ ಲೆಕ್ಕಮಾಡಿ ಹೇಳಿದರು. ಅದೇ ಪಟ್ಟಿಯನ್ನು ಸೇರಿಸಿಕೊಂಡರೆ ಊರಿನ ಪಾಲು ಅರ್ಧಕ್ಕೆ ಕಡಿಮೆಯಾಗುವುದಿಲ್ಲವೆಂದು ಅಧ್ಯಕ್ಷರೂ ಲೆಕ್ಕಮಾಡಿ ಹೇಳಿದರು. ಒಂದೇ ಪಟ್ಟಿ ಎರಡು ಲೆಕ್ಕದಲ್ಲೂ ಸೇರಿದ್ದನ್ನು ಅಲ್ಲಿದ್ದವರಲ್ಲಿ ಒಬ್ಬಳೇ ಗಮನಿಸಿದಳು. “ಎಲ್ಡರ್ಧ ಕೂಡಿದ್ರೆ ಒಂದಕ್ಕಿಂತ ಜಾಸ್ತಿ ಬತ್ತದೆ ಕಣೆ,” ಎಂದು ಮಾಲಿಯ ಮಗಳು ನನ್ನ ಕಿವಿಯಲ್ಲಿ ಹೇಳಿದಳು. ನಾನು ಅವಳ ಬಾಯಿ ಮುಚ್ಚಿದೆ.

ಗುಮಾಸ್ತೆ ಫೈಲಿನ ಗಂಟು ಬಿಚ್ಚಿದರು.

ಡ್ರಿಲ್ಲು ಯಾರಿಗೂ ನೆನಪಾಗಲಿಲ್ಲ. ನಮ್ಮ ಹೆಡ್‌ಮಿಸ್ಟ್ರೆಸ್ ಒಬ್ಬರೇ ಅದಕ್ಕಾಗಿ ನೊಂದುಕೊಂಡರು. ಸಾಹೇಬರು ಗೇಟಿನ ಬಳಿ ಹೋಗುವಾಗ ಅವರ ಬೆನ್ನಿಗೆ ನಾವು ಕೈಗಳನ್ನು ಅಕ್ಕಪಕ್ಕಕ್ಕೆ ಪೂರ್ತಿಯಾಗಿ ಚಾಚಿ ತೋರಿಸಿದೆವು.

ಮುಂದಿನ ವರ್ಷ, ೧೯೩೯ರ ಬೇಸಗೆ ರಜೆಯ ಬಳಿಕ, ಹೆಂಚಿನ ಮಾಡಿನ ನಾಲ್ಕು ಕೋಣೆಗಳಲ್ಲಿ ಶಾಲೆ ಶುರುವಾಯಿತು. ನಮ್ಮ ಮೊದಲ ತಂಡದಲ್ಲಿ ಇದ್ದದ್ದು ಒಂಬತ್ತು ಹುಡುಗಿಯರು. ಕಟ್ಟಡ ಹೊಸದು, ಬೆಂಚುಗಳು ಹೊಸವು, ಚಾಪೆಗಳು ಒಂದೂ ಇರಲಿಲ್ಲ. ಮಾಲಿಯ ಮಗಳು ನನ್ನ ಬೆಂಚಿನಲ್ಲೇ ಕುಳಿತಳು. ಮೊದಲ ವಾರ ಮನೆಗಳಲ್ಲಿ ಸ್ವಲ್ಪ ಗೊಣಗಾಟವಾಯಿತು. ಅಜ್ಜಿಯೂ ಗೊಣಗಿದರು. ಬೆಂಚು ಸರ್ಕಾರದ್ದು ಎಂದು ತಾಯಿ ಮೆಲ್ಲನೆ ಅಂದರು. ಸರ್ಕಾರದ ವಸ್ತುವಿನಲ್ಲಿ ಕೈಹಾಕಿ ಒಮ್ಮೆ ಆದದ್ದು ನೆನಪಿತ್ತೋ ಏನೋ, ಅಜ್ಜಿ ಅಷ್ಟಕ್ಕೆ ಬಿಟ್ಟರು.

ಹಂಚಿಕೊಂಡ ಪಾರ್ಕಿನ ನಾಲ್ಕು ವರ್ಷಗಳು ನನ್ನ ಬಾಲ್ಯದಲ್ಲಿ ಅತ್ಯಂತ ಸುಖದವು. ಹೆಣ್ಣುಮಕ್ಕಳ ಶಾಲೆಯ ಕಡೆ ಮುಖಮಾಡಿ ಕೂರುವುದು ಸಭ್ಯತೆಯಲ್ಲವೆಂದು ಊರಿನ ಹಿರಿಯರು ನಾಲ್ಕೂ ಕಲ್ಲುಬೆಂಚುಗಳನ್ನು ಕಿತ್ತು ಬೀದಿಯ ಕಡೆಗೆ ತಿರುಗಿಸಿ ನೆಡಿಸಿದರು. ಮುಖ ಬೀದಿಗೆ ತಿರುಗಿತೇ ಹೊರತು ಕಿವಿ ನಮ್ಮ ಕಡೆಗೇ ಇತ್ತು. ಸಂಜೆಯ ಕೊನೆಯ ಪಾಠ ಭೂಗೋಳ. ನಾವು ನದಿಗಳ ಹೆಸರು ಒಪ್ಪಿಸುವಾಗ ಒಂದನ್ನು ಬಿಟ್ಟರೆ ಬೇಲಿಯಾಚೆಯಿಂದ, ಬೆನ್ನು ತೋರಿಸಿ ಕುಳಿತ ಯಾರೋ ಒಬ್ಬರು, “ತುಂಗಭದ್ರೆ ಎಲ್ಲಿ ಓದ್ಲು?” ಎಂದು ಕೂಗುತ್ತಿದ್ದರು. ಘಂಟೆ ಹೊಡೆಯುವುದು ಒಂದು ನಿಮಿಷ ತಡವಾದರೂ ಅವರೆಲ್ಲ ಕಂಡಿಯ ಬಳಿ ಸಾಲಾಗಿ ನಿಂತಿರುತ್ತಿದ್ದರು. ನೆಲ್ಲಿಕಾಯಿ ಮಾತ್ರ ಹಣ್ಣಾಗಲು ಎಂದೂ ಉಳಿಯಲಿಲ್ಲ. ಹಗಲು ಹುಡುಗಿಯರು ಕೀಳುತ್ತಾರೆಂದು ಊರಿನವರು, ಸಂಜೆ ಊರಿನವರು ಕೀಳುತ್ತಾರೆಂದು ಹುಡುಗಿಯರು. ಎರಡು ಕಡೆಯ ದೂರುಗಳನ್ನೂ ಮಾಲಿ ಗಂಭೀರವಾಗಿ ಕೇಳಿಸಿಕೊಂಡು, “ವಿಚಾರಿಸ್ತೀನಿ” ಎನ್ನುತ್ತಿದ್ದ, ಬಾಯಲ್ಲಿ ಬೀಜ ಆಡಿಸುತ್ತ.

೧೯೪೩ರಲ್ಲಿ ಮಿಡ್ಲ್ ಸ್ಕೂಲು ಮುಗಿಯಿತು. ಹೈಸ್ಕೂಲಿಗೆ ಹಾಸನಕ್ಕೆ ಹೋಗಬೇಕಾಗಿತ್ತು, ಎಂದರೆ ಊರು ದಾಟಬೇಕಾಗಿತ್ತು. ಈ ಸಲ ತಾಯಿ ಹೆದರಲಿಲ್ಲ. “ಅತ್ತೆಮ್ಮ, ಎರಡೂರಿನ ನಡುವಿನ ಜಾಗ ಯಾರದು?” ಎಂದು ಮಾತ್ರ ಕೇಳಿದರು. ಅಜ್ಜಿ ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು. “ನನ್ನ ಸೌಟು ನನ್ನ ತಲೆಗೇ ಒಡೀತೀಯಲ್ಲವ್ವ,” ಎಂದರು. ನಾನೂ ಮಾಲಿಯ ಮಗಳೂ ಒಂದೇ ರೈಲಿನಲ್ಲಿ ಹೋದೆವು. ಅವಳು ಮುಂದೆ ಲೆಕ್ಕದ ಮೇಡಂ ಆದಳು.

ಈ ವೃತ್ತಾಂತವನ್ನು ಇಷ್ಟಕ್ಕೇ ಬಿಡಬಹುದಿತ್ತು. ಆದರೆ ನಿವೃತ್ತಿಗೆ ಸ್ವಲ್ಪ ಮುಂಚೆ, ಬೇರೆ ಯಾವುದೋ ಕಾಗದ ಹುಡುಕುತ್ತ ಹಳೆಯ ದಫ್ತರದಲ್ಲಿ ಕುಳಿತಿದ್ದಾಗ, ಆ ಜಾಗದ ಮಹಜರಿನ ನಕಲು ನನ್ನ ಕೈಗೆ ಬಂತು. ನಾನು ಮೇಲೆ ಹೇಳಿದ್ದನ್ನು ಅದು ಮೂರು ಕಡೆ ಅಲ್ಲಗಳೆಯುತ್ತದೆ. ಕಲ್ಲಿನ ಮೇಲಿನ ಮಾತಿಗೆ ಕೊಟ್ಟ ಗೌರವವನ್ನು ಕಾಗದದ ಮೇಲಿನ ಮಾತಿಗೂ ಕೊಡಬೇಕಾದ್ದರಿಂದ ಅವನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದು ತಾರೀಖು. ಮಹಜರು ನಡೆದದ್ದು ೧೯೩೮ ಡಿಸೆಂಬರ್ ೧, ಗುರುವಾರ ಎಂದಿದೆ. ಆ ದಿನ ಮಾರ್ಗಶಿರ ಶುದ್ಧದಲ್ಲಿ ಬೀಳುತ್ತದೆ. ಕಾರ್ತಿಕ ಮುಗಿದಿತ್ತು, ಯಾವ ಹೆಂಗಸೂ ಆ ದಿನ ವನಭೋಜನಕ್ಕೆ ಹೋಗಿರಲಾರಳು. ಸ್ಥಳದಲ್ಲಿ ಆದ ಒಪ್ಪಂದವನ್ನು ಹದಿನೇಳು ದಿನ ಬಿಟ್ಟು ಕಚೇರಿಯಲ್ಲಿ ಬರೆದಿರಬಹುದೆಂದು ನಾನು ಊಹಿಸಿದ್ದೇನೆ. ಊಹೆ ಆಧಾರವಲ್ಲ.

ಎರಡನೆಯದು, ಎರಡೂ ಗೆರೆಗಳನ್ನು ಮೋಜಿಣಿದಾರರು ಸರಪಳಿಯಿಂದ ಅಳೆದು ಹಾಕಿಸಿದರೆಂದು ಅದರಲ್ಲಿದೆ. ಅಜ್ಜಿಯ ಪ್ರಸ್ತಾಪವಿಲ್ಲ. ಆದರೆ ಪಟ್ಟಿಯ ಅಗಲ ಎಂಟು ಅಡಿ ಮೂರು ಅಂಗುಲ ಎಂದು ನಮೂದಾಗಿದೆ. ಸರಪಳಿ ಹಿಡಿದ ಯಾರೂ ತಾವಾಗಿ ಇಂಥ ಅಗಲವನ್ನು ಆರಿಸುವುದಿಲ್ಲ. ಅಜ್ಜಿಯ ಒಂದು ಜೊತೆ ಎಕ್ಕಡ ನಮ್ಮ ಅಟ್ಟದ ಮೇಲೆ ಉಳಿದಿದೆ. ಚರ್ಮದ ಮೇಲೆ ಮೂಡಿದ ಪಾದದ ಅಚ್ಚನ್ನು ಅಳೆದರೆ ಒಂಬತ್ತು ಅಂಗುಲ. ಹನ್ನೊಂದರಿಂದ ಗುಣಿಸುವ ಕೆಲಸವನ್ನು ಓದುಗರಿಗೆ ಬಿಡುತ್ತೇನೆ.

ಮೂರನೆಯದಕ್ಕೆ ನನ್ನಲ್ಲಿ ಊಹೆಯೂ ಇಲ್ಲ, ಎಕ್ಕಡವೂ ಇಲ್ಲ. ಮೈದಾನದ ವಿವರದಲ್ಲಿ ‘ಮರಗಳು’ ಎಂಬ ಕಲಮಿನ ಎದುರಿಗೆ, ಅಂದವಾದ ಮೋಡಿ ಅಕ್ಷರದಲ್ಲಿ, ‘ಇಲ್ಲ’ ಎಂದು ಬರೆದಿದೆ. ಕೆಳಗೆ ಇನ್‌ಸ್ಪೆಕ್ಟರರ ರುಜು, ಅಧ್ಯಕ್ಷರ ರುಜು, ಮತ್ತು ಸಾಕ್ಷಿಯಾಗಿ ಮಾಲಿಯ ಹೆಬ್ಬೆಟ್ಟಿನ ಗುರುತು.